ಜಟ್ಟಂಗಿ ಜಯಿಸಿದ ಜಗಜಟ್ಟಿ

ಬೆಟ್ಟಮಾಸ ೩, ಸೋಮವಾರ

ಇವತ್ತಿನಿಂದ ಈ ತಿಂಗಳಿಗೆ ಬೆಟ್ಟಮಾಸ ಎಂದು ಹೆಸರು. ನಿನ್ನೆಯವರೆಗೆ ಬೇರೆ ಹೆಸರಿತ್ತು. ಅದನ್ನು ಬರೆದರೆ ದಂಡ, ಆದ್ದರಿಂದ ಬರೆಯುವುದಿಲ್ಲ. ಚಕ್ರವರ್ತಿಗಳು ಒಂದೊಂದು ಗೆಲುವಿಗೆ ಒಂದೊಂದು ತಿಂಗಳ ಹೆಸರು ಬದಲಿಸುತ್ತ ಬಂದಿದ್ದಾರೆ. ಘಟ್ಟ ಹಿಡಿದಾಗ ಘಟ್ಟಮಾಸ ಬಂತು, ಈಗ ಬೆಟ್ಟಮಾಸ.

"ಹಾಗಾದ್ರೆ ನಮ್ಮ ಮಗಳು ಯಾವ ತಿಂಗಳಲ್ಲಿ ಹುಟ್ಟಿದ್ಲು ಅಂತ ಹೇಳ್ಬೇಕು?" ಎಂದು ನನ್ನವಳು ಕೇಳಿದಳು. ಯೋಚಿಸಿದೆ. ಅವಳು ಹುಟ್ಟಿದಾಗ ಗೆದ್ದೇ ಇರದ ಬೆಟ್ಟದ ತಿಂಗಳಿನಲ್ಲಿ ಅವಳು ಹುಟ್ಟಿದ್ದಾಳೆ. ಇದು ಹೇಗೆ ಸಾಧ್ಯವೋ ತಿಳಿಯದು. ಸಾಮ್ರಾಜ್ಯ ಬೆಳೆಯುವಾಗ ಇಂಥವು ಇರುತ್ತವೆ.

ನನ್ನ ಉದ್ಯೋಗ ಬಿರುದು ಕೂಗುವುದು. ಚಕ್ರವರ್ತಿಗಳು ಎಲ್ಲಿಗೆ ಹೋದರೂ ನಾಲ್ಕು ಹೆಜ್ಜೆ ಮುಂದೆ ನಾನು. ಜನ ಬೆನ್ನ ಹಿಂದೆ ಹೊಗಳುಭಟ್ಟ ಎನ್ನುತ್ತಾರೆ; ಎದುರುಮನೆಯ ಮಡಕೆಯಕ್ಕ ಮುಖದ ಮೇಲೆಯೇ ಎನ್ನುತ್ತಾಳೆ. "ಭಟ್ರೇ, ನೀವು ಬೆಳಿಗ್ಗೆ ಗಂಟಲು ಸರಿ ಮಾಡ್ಕೊಳ್ಳೋಕೆ ಶುರು ಮಾಡಿದ್ರೆ ನನ್ನ ಹಸಿ ಮಡಕೆಗಳು ಹೆದರಿ ಸೊಟ್ಟಗಾಗ್ತವೆ."

ಹಿಂದೆ ಕೆಲಸ ಹಗುರವಾಗಿತ್ತು. ಈಗಿನ ಚಕ್ರವರ್ತಿಗಳು ಆಗ ಊರಬಾಗಿಲಲ್ಲಿ ಸುಂಕ ಎತ್ತುತ್ತಿದ್ದರು. ನಾನು ಪಕ್ಕದಲ್ಲಿ ನಿಂತು "ಗಾಡಿ ನಿಲ್ಸೀ!" ಎಂದು ಕೂಗುತ್ತಿದ್ದೆ. ಅದೇ ನನ್ನ ಮೊದಲ ಕಾವ್ಯ. ಆಮೇಲೆ ಅವರು ಬಾಗಿಲ ಜೊತೆಗೆ ಗೋಡೆಯನ್ನೂ ತಮ್ಮದೆಂದರು, ಗೋಡೆಯ ಜೊತೆಗೆ ಊರನ್ನೂ ತಮ್ಮದೆಂದರು, ಯಾರೂ ಅಲ್ಲವೆನ್ನಲಿಲ್ಲ. ಹೀಗೆ ಸಾಮ್ರಾಜ್ಯ ಸ್ಥಾಪನೆಯಾಯಿತು. ಈಗ ಬಿರುದು ಪೂರ್ತಿ ಕೂಗಿ ಮುಗಿಸುವ ಹೊತ್ತಿಗೆ ಚಕ್ರವರ್ತಿಗಳ ಊಟ ಆರಿರುತ್ತದೆ. ನಾನು ಮುಗಿಸದೆ ಅವರು ಕೂರುವಂತಿಲ್ಲ. ಒಟ್ಟಿನಲ್ಲಿ ಈ ರಾಜ್ಯದಲ್ಲಿ ಅವರನ್ನು ನಿಲ್ಲಿಸಿ ಇಡಬಲ್ಲ ಶಕ್ತಿ ನಾನೊಬ್ಬನೇ.

ಬೆಟ್ಟಮಾಸ ೫, ಬುಧವಾರ

ಬೆಟ್ಟದ ಗೆಲುವಿಗೆ ಹೊಸ ಪದ್ಯ ಬೇಕು. ಮೂರು ಸಾಲು ತಾವಾಗಿಯೇ ಬಂದವು:

ಘಟ್ಟವ ತುಳಿದ ಗಂಡುಗಲಿ,
ಬೆಟ್ಟವ ಬಳಸಿದ ಭುಜಬಲಿ,
ಮೆಟ್ಟಿದ ನೆಲಕೆಲ್ಲ ಮಹಾಪ್ರಭು...

ನಾಲ್ಕನೆಯದು ಬರಲೊಲ್ಲದು. ಎರಡನೆಯ ಅಕ್ಷರ 'ಟ್ಟ' ಆಗಲೇಬೇಕು. ಪ್ರಾಸ ತಪ್ಪಿದ ಪದ್ಯ ಕುಂಟುವ ಕುದುರೆ ಇದ್ದ ಹಾಗೆ, ಮೆರವಣಿಗೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ.

"ಟ್ಟ ಬೇಕಾ? ಬಟ್ಟೆ ಇದೆ, ಒಗೆಯೋದು. ಬುಟ್ಟಿ ಇದೆ, ಅಂಗಡಿಗೆ ತಗೊಂಡ್ ಹೋಗೋದು. ಹೊಟ್ಟೆ ಇದೆ, ಅದರ ಬಗ್ಗೆ ಈ ಮನೇಲಿ ನಾನೊಬ್ಳೇ ಯೋಚ್ನೆ ಮಾಡೋದು" ಎಂದಳು ನನ್ನವಳು.

ಸ್ನಾನದ ಮನೆಯಲ್ಲಿ ತಲೆಗೆ ನೀರು ಸುರಿದುಕೊಳ್ಳುವಾಗ ಹೊಳೆಯಿತು: *ಜಟ್ಟಂಗಿ ಜಯಿಸಿದ ಜಗಜಟ್ಟಿ!* ಆಹಾ. ಮೈ ಒರೆಸಿಕೊಳ್ಳದೆ ಹೊರಬಂದು ಹೇಳಿದೆ.

"ಜಟ್ಟಂಗಿ ಅಂದ್ರೆ ಯಾವ ಊರು ರೀ?"

"ಯಾವ ಊರೂ ಅಲ್ಲ. ಕಿವಿಗೆ ಹೇಗಿದೆ ಹೇಳು."

"ಕಿವಿಗೆ ಚೆನ್ನಾಗಿದೆ. ನೆಲ ಎಲ್ಲ ಒದ್ದೆ ಆಯ್ತು."

ಬೆಟ್ಟಮಾಸ ೬, ಗುರುವಾರ

ಸಭೆಯಲ್ಲಿ ಕೂಗಿದೆ. ನಾಲ್ಕನೆಯ ಸಾಲಿಗೆ ಚಕ್ರವರ್ತಿಗಳು ಕೈ ಎತ್ತಿದರು. ಮೆಚ್ಚಿದರು ಎಂದುಕೊಂಡೆ.

"ಜಟ್ಟಂಗಿ," ಎಂದರು. "ಅದನ್ನ ನಾವು ಯಾವಾಗ ಗೆದ್ದೆವು?"

ಮಂತ್ರಿಗಳು ದಂಡನಾಯಕರನ್ನು ನೋಡಿದರು. ದಂಡನಾಯಕರಿಗೆ ಊರಿನಲ್ಲಿ ಮೀಸೆ ಎಂದೇ ಹೆಸರು, ಏಕೆಂದರೆ ಅದರಾಚೆ ಅವರಲ್ಲಿ ನೋಡುವಂಥದ್ದು ಕಡಿಮೆ. ಅವರು ಮೀಸೆ ತಿರುವಿ, "ಇನ್ನೇನು ಗೆಲ್ಲೋದ್ರಲ್ಲಿದ್ದೀವಿ ಪ್ರಭು," ಎಂದರು.

"ಬಿರುದು ಬಂದಾಗಿದೆ, ಊರು ಬಂದಿಲ್ಲ ಅಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು? ಹೋಗಿ ತನ್ನಿ."

ನನ್ನ ಬಾಯಿ ತೆರೆಯಿತು. ಆದರೆ ಅಷ್ಟರಲ್ಲಿ ಮಂತ್ರಿಗಳು, "ಜಟ್ಟಂಗಿಯವರು ಬಹಳ ಹಟಮಾರಿಗಳು ಪ್ರಭು," ಎಂದರು. ಖಜಾಂಚಿಗಳು, "ಅಲ್ಲಿನ ಕೋಟೆಗೆ ಎರಡು ಸುತ್ತಿದೆ ಅಂತ ನಮ್ಮ ಚಿಕ್ಕಪ್ಪ ಹೇಳ್ತಿದ್ರು," ಎಂದರು. ಎಲ್ಲರಿಗೂ ಗೊತ್ತಿದೆ! ನಾನೊಬ್ಬನೇ ಗೊತ್ತಿಲ್ಲ ಎನ್ನುವುದು ಹೇಗೆ? ಬಾಯಿ ಮುಚ್ಚಿಕೊಂಡೆ. ಸುಳ್ಳು ಬಿರುದು ಕೂಗಿದವನ ನಾಲಿಗೆ ಕೀಳಬೇಕೆಂಬ ಕಾನೂನು ಆಗ ನೆನಪಾದದ್ದು ಬರೀ ಕಾಕತಾಳೀಯ.

ಬೆಟ್ಟಮಾಸ ೯, ಭಾನುವಾರ

ಜಟ್ಟಂಗಿಗೆ ಸೈನ್ಯವನ್ನು ಕರೆದೊಯ್ಯಲು ದಾರಿಗಾರನನ್ನು ನೇಮಿಸಿದ್ದಾರೆ. ಮುಂದೆ ನಡೆದು ದಾರಿ ತೋರುವವನು. ಊರು ಸಿಕ್ಕರೆ ಕಡಗ, ಸಿಗದಿದ್ದರೆ ತಲೆ.

ದಾರಿಗಾರರು ನಮ್ಮ ಅಳಿಯಂದಿರು.

ಅಳಿಯಂದಿರು ಒಳ್ಳೆಯವರು. ಆದರೆ ಮದುವೆಯ ದಿನ ದಾರಿ ತಪ್ಪಿ ಬೇರೆ ಮದುವೆಮನೆಯಲ್ಲಿ ಊಟಕ್ಕೆ ಕೂತಿದ್ದವರನ್ನು ಹುಡುಕಿ ಕರೆತಂದದ್ದು ನಾನೇ. ಅವರನ್ನು ಹಿಂದೆ ಅರಮನೆಯ ದಾರಿಗಾರರ ಕೆಲಸಕ್ಕೆ ಯಾರು ಸೇರಿಸಿದರು ಎಂದರೆ, ಅದೂ ನಾನೇ.

ಮಧ್ಯಾಹ್ನ ಬಂದು ಜಗಲಿಯ ತುದಿಯಲ್ಲಿ ಕೂತರು. "ಮಾವ, ಜಟ್ಟಂಗಿ ಯಾವ ಕಡೆಗೆ? ಯಾರನ್ನ ಕೇಳಿದ್ರೂ 'ಅಯ್ಯೋ ಅದು ಗೊತ್ತಿಲ್ವಾ' ಅಂತಾರೆ, ಕೈ ಮಾತ್ರ ಒಬ್ಬೊಬ್ರದ್ದು ಒಂದೊಂದು ಕಡೆ ಹೋಗುತ್ತೆ. ಬರೆದವರು ನೀವು. ನಿಮ್ಗೆ ಗೊತ್ತಿರ್ಬೇಕಲ್ಲ."

ಒಳಗೆ ಹಿಟ್ಟು ಜರಡಿ ಹಿಡಿಯುತ್ತಿದ್ದ ಸದ್ದು ನಿಂತಿತು. ನನ್ನವಳು ಕಿವಿ ಕೊಟ್ಟಿದ್ದಾಳೆ. ಮಗಳು ಬಾಗಿಲಿಗೊರಗಿ ನಿಂತಿದ್ದಾಳೆ. ಈಗ ಹೇಳಿಬಿಡುವುದು ಎಂದುಕೊಂಡೆ. ಹೇಳಿದರೆ ನಾಲಿಗೆ. ನಾಲಿಗೆ ಹೋದರೆ ಮನೆ ನಡೆಯುವುದು ಹೇಗೆ? ಮನೆಯೆಂದರೆ ಅಳಿಯಂದಿರೂ ಸೇರಿದರಲ್ಲ? ಹೀಗೆ ಯೋಚಿಸುತ್ತ ಹೋದಂತೆ, ಹೇಳದಿರುವುದೇ ಅಳಿಯಂದಿರ ಹಿತಕ್ಕೆ ಎಂದು ಒಂದು ಕಡೆಯಿಂದ ಅನ್ನಿಸಿತು. ಇನ್ನೊಂದು ಕಡೆಯಿಂದ ಅನ್ನಿಸಲಿಲ್ಲ.

"ನದಿ ಬಲಕ್ಕಿಟ್ಕೊಂಡು ನಡೀತಾ ಹೋಗಿ," ಎಂದೆ.

"ಎಲ್ಲಿವರೆಗೆ ಮಾವ?"

"ಸಿಗೋವರೆಗೆ."

ಸೈನ್ಯ ನಾಲ್ಕು ದಿನ ನಡೆದು ಕಾಲು ನೋವೆಂದು ತಿರುಗುತ್ತದೆ, ಮೀಸೆ ಏನೋ ಒಂದು ನೆಪ ಹೇಳುತ್ತಾರೆ, ಎಲ್ಲರೂ ಮರೆಯುತ್ತಾರೆ. ಇದು ನನ್ನ ಲೆಕ್ಕಾಚಾರ. ಅಳಿಯಂದಿರು ಹೋದ ಮೇಲೆ ಸ್ವಲ್ಪ ಕೆಮ್ಮು ಬಂತು. ಗಾಳಿ ಬದಲಾಗಿದೆ.

ಬೆಟ್ಟಮಾಸ ೧೨, ಬುಧವಾರ

ಸೈನ್ಯ ಹೊರಟಿತು. ಮಡಕೆಯಕ್ಕನ ಮಗನೂ ಹೇಸರಗತ್ತೆಗಳನ್ನು ಹೊಡೆದುಕೊಂಡು ಹೊರಟ. "ಭಟ್ರೇ, ಆ ಜಟ್ಟಂಗೀಲಿ ಒಳ್ಳೆ ಜೇಡಿಮಣ್ಣು ಸಿಗುತ್ತಾ? ಒಂದು ಮೂಟೆ ತಾ ಅಂದಿದೀನಿ," ಎಂದಳು. ಸಿಗುತ್ತದೆ ಎಂದೆ. ಬಾಯಿಗೆ ಬಂತು, ಎಂದೆ.

ಊರಬಾಗಿಲಲ್ಲಿ ಬಿರುದು ಕೂಗುವಾಗ ಒಂದು ಸಣ್ಣ ಅವಘಡ. "ಜಟ್ಟಂ" ಎನ್ನುವಲ್ಲಿ ಕೆಮ್ಮು ಒತ್ತರಿಸಿಕೊಂಡು ಬಂತು. ಇಷ್ಟು ವರ್ಷಗಳ ಉದ್ಯೋಗದಲ್ಲಿ ಇದೇ ಮೊದಲು. ವೈದ್ಯರು ಬಾಯಿ ತೆಗೆಸಿ ಒಳಗೆ ಇಣುಕಿ ನೋಡಿ, "ಏನೂ ಇಲ್ಲ," ಎಂದರು.

ಬೆಟ್ಟಮಾಸ ೨೮, ಶುಕ್ರವಾರ

ಸುದ್ದಿ ಇಲ್ಲ. ಮಗಳು ನದಿಯ ಕಡೆ ಮುಖ ಮಾಡಿ ಹಿತ್ತಲ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಕೆಮ್ಮು ಇದೆ.

ಹೆಸರಿಡದ ತಿಂಗಳು, ಒಂದು ಮಂಗಳವಾರ

ಬೆಟ್ಟಮಾಸ ಮುಗಿದಿದೆ. ಮುಂದಿನ ತಿಂಗಳಿನ ಹೆಸರನ್ನು ಜಟ್ಟಂಗಿ ಗೆದ್ದ ಮೇಲೆ ಇಡುವುದಂತೆ. ಅಲ್ಲಿಯವರೆಗೆ ನಾವು ಯಾವ ತಿಂಗಳಿನಲ್ಲೂ ಇಲ್ಲ. ಬಾಡಿಗೆ ಮನೆಗಳಲ್ಲಿರುವವರು ಮಾತ್ರ ಬಹಳ ಖುಷಿಯಾಗಿದ್ದಾರೆ.

ಊರಿಗೆ ಜಟ್ಟಂಗಿಯ ಹುಚ್ಚು ಹಿಡಿದಿದೆ. ದರ್ಜಿ ಸುಮ್ಮನೆ ತೋಳು ಸ್ವಲ್ಪ ಉದ್ದ ಬಿಟ್ಟು ಅದನ್ನು ಜಟ್ಟಂಗಿ ತೋಳು ಎಂದು ಮಾರುತ್ತಾನೆ. ಊಟ ಮಾಡದ ಮಕ್ಕಳನ್ನು ಜಟ್ಟಂಗಿಯವರು ಹಿಡಿದುಕೊಂಡು ಹೋಗುತ್ತಾರೆ. ಮೊನ್ನೆ ಒಬ್ಬ ಬಂದು, ತಾನು ಜಟ್ಟಂಗಿಯಿಂದ ತಪ್ಪಿಸಿಕೊಂಡು ಬಂದವನೆಂದ. ಅವನಿಗೆ ಅರಮನೆಯ ಹಿಂದೆ ಮನೆ ಕೊಟ್ಟಿದ್ದಾರೆ. ನಾನು ಹೋಗಿ ನೋಡಿದೆ. ಹೇಗಿದೆ ನಿಮ್ಮೂರು ಎಂದು ಕೇಳಿದೆ. ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದ: ಕಡಿದಾದ ಬೀದಿಗಳು, ಒಂದು ದೊಡ್ಡ ಬಾವಿ, ಬಾವಿಯ ಪಕ್ಕ ಒಂದು ಮರ. ಅಳುವುದನ್ನು ನೋಡಿದರೆ ಸುಳ್ಳೆನ್ನಿಸಲಿಲ್ಲ.

ಮನೆಗೆ ಬಂದು ನನ್ನವಳಿಗೆ ಹೇಳಿದೆ: "ಆ ಹೆಸರನ್ನ ನಾನು ಹುಟ್ಟಿಸ್ಲಿಲ್ಲ ಕಣೇ. ಎಲ್ಲೋ ಕೇಳಿದ್ದು ನೆನಪಾಗಿರ್ಬೇಕು. ಊರು ಇದೆ ಅಂತ ಕಾಣುತ್ತೆ."

ಅವಳು ಒಲೆಯಿಂದ ಪಾತ್ರೆ ಇಳಿಸಿದಳು. "ಇದ್ರೆ ಒಳ್ಳೇದೇ ಆಯ್ತಲ್ಲ. ಅಳಿಯಂದ್ರು ಬರ್ತಾರೆ ಅಂತ ಮಗಳಿಗೆ ನೀವೇ ಹೋಗಿ ಹೇಳಿ."

ಹೋಗಬೇಕೆಂದುಕೊಂಡೆ. ಕೆಮ್ಮು ಜೋರಾಗಿತ್ತು.

ಅದೇ ಹೆಸರಿಲ್ಲದ ತಿಂಗಳು, ಕೊನೆಯ ಕಡೆ

ಓಲೆಕಾರ ಬಂದ. ನದಿ ತೆಳ್ಳಗಾಗುತ್ತ ಹೋಗಿ, ಕೊನೆಗೆ ಒಂದು ಬಂಡೆಯ ಸಂದಿನಲ್ಲಿ ಬರೀ ಒಸರಾಯಿತಂತೆ. ಸೈನ್ಯದಲ್ಲಿ ಜ್ವರ. "ಇನ್ನೆಲ್ಲಿಗೆ?" ಎಂದು ಮೀಸೆ ಕೇಳಿದರೆ ದಾರಿಗಾರರು "ನೀರು ಬಲಕ್ಕಿಟ್ಕೊಂಡು" ಎಂದಷ್ಟೇ ಹೇಳುತ್ತಾರಂತೆ. ಇನ್ನು ಸ್ವಲ್ಪ ದಿನ ನೋಡಿ, ಸಿಗದಿದ್ದರೆ ತಲೆ ತೆಗೆಸುವುದೆಂದು ಮೀಸೆಯ ತೀರ್ಮಾನ.

ಮಗಳು ನನ್ನ ಅಂಗಿ, ಪೇಟ ತಂದು ಮುಂದಿಟ್ಟಳು.

ಸರಿ. ಚಕ್ರವರ್ತಿಗಳಿಗೆ ನಿಜ ಹೇಳಿಬಿಡೋಣ ಎಂದು ಹೊರಟೆ. ನಾಲಿಗೆ ಹೋದರೆ ಹೋಗಲಿ. ಆದರೆ ಅವರೊಡನೆ ಮಾತಾಡುವ ಮೊದಲು ಬಿರುದು ಪೂರ್ತಿ ಕೂಗಬೇಕೆಂಬ ನಿಯಮ, ಮಾಡಿದವನೂ ನಾನೇ. ಕೂಗಿದೆ. ಘಟ್ಟ ದಾಟಿತು, ಬೆಟ್ಟ ದಾಟಿತು, "ಜಟ್ಟಂ" ಎಂದೆ, ಅಷ್ಟೇ. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು, ಮಾತು ಹೊರಡಲಿಲ್ಲ.

ಚಕ್ರವರ್ತಿಗಳು ಸಿಂಹಾಸನದಿಂದ ಎದ್ದು ಬಂದು ನನ್ನ ಹೆಗಲು ಮುಟ್ಟಿದರು. "ಏನು ಭಾವಾವೇಶ! ನಮ್ಮ ಸೈನಿಕರನ್ನ ನೆನೆದು ಗಂಟಲು ಕಟ್ಟಿತು ನೋಡಿ. ಇನ್ಮೇಲೂ ಹೀಗೇ ಹೇಳಿ, ಹೀಗೇ ಚೆನ್ನಾಗಿದೆ."

ಶಾಲು ಹೊದಿಸಿ ಕಳಿಸಿದರು. ಮಗಳು ಶಾಲನ್ನು ನೋಡಿದಳು. ಎಲ್ಲಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ.

ಯಾವ ತಿಂಗಳೋ, ಯಾವ ವಾರವೋ

ಮುಂಜಾನೆ ಮಂಜು ಕವಿದಿತ್ತು. ನದಿಯ ಆಚೆ ದಡದ ಜೊಂಡಿನಲ್ಲಿ ಒಂದು ಸೈನ್ಯ ಕಂಡಿತು. ಆ ದಡ ನಮ್ಮದಲ್ಲ, ಯಾರದೂ ಅಲ್ಲ. ಅಲ್ಲಿಂದ ಯಾರೂ ಬಂದದ್ದಿಲ್ಲ. ಹರಕು ಬಟ್ಟೆ, ಬೆಳೆದ ಗಡ್ಡ, ಬಣ್ಣ ಕಳೆದುಕೊಂಡ ಬಾವುಟ. "ಜಟ್ಟಂಗಿಯವರು ಬಂದ್ರು!" ಎಂದು ಯಾರೋ ಕೂಗಿದರು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು.

ಶತ್ರುಗಳಿಗೆ ತಾವು ಯಾರ ಮೇಲೆ ಬಂದಿದ್ದೇವೆಂದು ತಿಳಿಯಲಿ ಎಂದು ನನ್ನನ್ನು ನದಿ ಕಡೆಯ ಹಿತ್ತಲ ಗೋಡೆಯ ಮೇಲೆ ಹತ್ತಿಸಿದರು. ಕೂಗಿದೆ. ಇಷ್ಟು ದಿನ ಕಾಡಿದ ಕೆಮ್ಮು ಇವತ್ತೇ ಕೈಕೊಡಬೇಕೇ? "ಜಟ್ಟಂಗಿ" ಎಂಬ ಮಾತು ಗಂಟೆ ಹೊಡೆದಂತೆ ನದಿಯಾಚೆಗೆ ಹೋಗಿ ಬಿತ್ತು. ಇನ್ನೊಮ್ಮೆ ಕೂಗಿದೆ, ಇನ್ನೂ ಚೆನ್ನಾಗಿ ಬಂತು. ಹೆಮ್ಮೆಯಾಯಿತು ಎಂದು ಬರೆಯಲು ನಾಚಿಕೆ, ಆದರೆ ಆಯಿತು.

ಆಚೆ ದಡದಲ್ಲಿ ಗದ್ದಲ. "ಜಟ್ಟಂಗಿ! ಇದೇ ಜಟ್ಟಂಗಿ! ಗೋಡೆ ಮೇಲಿನವನೇ ಹೇಳ್ತಿದಾನೆ!" ನೀರಿಗಿಳಿದು ನುಗ್ಗಿದರು. ಬಾಣ ಬಂದವು. ಬಟ್ಟೆ ಒಗೆಯುವ ಕಟ್ಟೆಯ ಪಕ್ಕದ ಬಾಗಿಲಿಗೆ ಮರದ ದಿಮ್ಮಿ ಗುದ್ದಿದರು. ದರ್ಜಿಯ ಚಾವಣಿಗೆ ಬೆಂಕಿ ಬಿತ್ತು. ನಮ್ಮವರು ಮೇಲಿಂದ ಕಲ್ಲು, ಬಿಸಿನೀರು, ಮಡಕೆಯಕ್ಕನ ಮಡಕೆಗಳು, ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು.

ಆಗ ಗೋಡೆಯ ಕೆಳಗಿನಿಂದ ಒಂದು ದನಿ: "ಮಾವಾ? ಮಾವ, ನೀವು ಜಟ್ಟಂಗೀಲಿ ಏನ್ ಮಾಡ್ತಿದ್ದೀರಿ?"

ಬಗ್ಗಿ ನೋಡಿದೆ. ಗಡ್ಡದೊಳಗೆ ಅಳಿಯಂದಿರು. ನದಿಯನ್ನು ಬಲಕ್ಕಿಟ್ಟುಕೊಂಡು ಅದರ ಹುಟ್ಟಿನವರೆಗೆ ಹೋಗಿ, ಅದನ್ನು ಸುತ್ತು ಹಾಕಿ, ಬಲಕ್ಕಿಟ್ಟುಕೊಂಡೇ ಆಚೆ ದಡದಲ್ಲಿ ವಾಪಸು ನಡೆದು ಬಂದಿದ್ದಾರೆ! ಹೇಳಿದ ಮಾತನ್ನು ಇಷ್ಟು ಪಾಲಿಸುವ ಅಳಿಯ ಯಾರಿಗಿದ್ದಾನೆ? ಊರನ್ನು ಹಿಂದಿನಿಂದ ಯಾರೂ ನೋಡಿರಲಿಲ್ಲ. ನಮ್ಮ ಬೆನ್ನು ನಮಗೇ ಗುರುತು ಸಿಗುವುದಿಲ್ಲವಲ್ಲ, ಹಾಗೆ.

"ಇದು ನಮ್ಮೂರೇ" ಎನ್ನಬೇಕು. ಎರಡೇ ಮಾತು. ಬಾಯಿ ತೆರೆದರೆ "ಘಟ್ಟವ ತುಳಿದ ಗಂಡುಗಲಿ" ಎಂದು ಬಂತು. ಮತ್ತೆ ತೆರೆದೆ, "ಬೆಟ್ಟವ ಬಳಸಿದ." ಪ್ರಾಸವಿಲ್ಲದ ಮಾತು ನನ್ನ ಗಂಟಲಿನಲ್ಲಿ ಉಳಿದೇ ಇಲ್ಲವೇನೋ. ಕೆಳಗೆ ಮೀಸೆ ಕತ್ತಿ ಎತ್ತಿದ್ದರು; ಮೇಲೆ ನಮ್ಮ ಕಾವಲಿನವರು ಕುದಿಯುವ ಹಂಡೆಯನ್ನು ಸರಿಯಾಗಿ ಅಳಿಯಂದಿರ ತಲೆಯ ಮೇಲಕ್ಕೆ ವಾಲಿಸುತ್ತಿದ್ದರು.

ಯಾರೋ ನನ್ನನ್ನು ಪಕ್ಕಕ್ಕೆ ತಳ್ಳಿದರು. ನನ್ನವಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಏದುಸಿರು ಬಿಡುತ್ತ ಬಗ್ಗಿ ಕೂಗಿದಳು: "ಏನ್ ಅಳಿಯಂದ್ರೇ! ಎಷ್ಟು ದಿನ ಆಯ್ತು? ಹಿತ್ತಲ ಬಾಗ್ಲು ತೆಗೆದೇ ಇದೆ, ಅದನ್ಯಾಕೆ ಒಡೀತೀರಾ? ಕಾಲು ತೊಳ್ಕೊಂಡ್ ಒಳಗ್ ಬನ್ನಿ, ಅನ್ನ ಆರಿ ಹೋಗುತ್ತೆ!"

ನನಗಿಂತ ದೊಡ್ಡ ಗಂಟಲು. ಇಷ್ಟು ವರ್ಷ ಮನೆಯಲ್ಲಿದ್ದೂ ನನಗೆ ಗೊತ್ತಿರಲಿಲ್ಲ.

ದಿಮ್ಮಿ ನಿಂತಿತು. ಹಂಡೆ ನಿಂತಿತು. ಇನ್ನೊಂದು ಗೋಡೆಯಿಂದ ಇನ್ನೊಬ್ಬಳು, "ಅಣ್ಣಾ, ನೀನೇನೋ?" ಎಂದಳು. "ರೀ, ನಿಮ್ಮ ಕಾಲಿಗೇನಾಯ್ತು?" ಎಂದಳು ಮತ್ತೊಬ್ಬಳು. ಗೋಡೆಯುದ್ದಕ್ಕೂ ಹೆಂಗಸರ ದನಿ. ನೀರಿನಲ್ಲಿ ನಿಂತಿದ್ದ ಗಂಡಸರು ಒಬ್ಬೊಬ್ಬರಾಗಿ ಕತ್ತಿಯನ್ನು ಎಲ್ಲಿಡುವುದೆಂದು ತಿಳಿಯದೆ ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು.

ಮಡಕೆಯಕ್ಕನೂ ಕೂಗಿದಳು. "ಮಗಾ!" ಎಂದಳು. ಎಷ್ಟೋ ಜನ ತಿರುಗಿ ನೋಡಿದರು. ಅವಳಿಗೆ ಬೇಕಾದವನು ತಿರುಗಲಿಲ್ಲ.

ಜಟ್ಟಂಗಿಮಾಸ ೧, ಸೋಮವಾರ

ಮತ್ತೆ ತಿಂಗಳಿಗೆ ಹೆಸರು ಬಂದಿದೆ.

ಸಭೆಯಲ್ಲಿ ಚಕ್ರವರ್ತಿಗಳು, "ಗೆದ್ದೆವೋ ಇಲ್ಲವೋ?" ಎಂದು ಕೇಳಿದರು. ಮಂತ್ರಿಗಳು ವಿವರಿಸಿದರು: ನಮ್ಮ ಸೈನ್ಯ ಜಟ್ಟಂಗಿಗೆ ಮುತ್ತಿಗೆ ಹಾಕಿತು, ಜಟ್ಟಂಗಿ ಬಾಗಿಲು ತೆರೆಯಿತು, ಇದು ಗೆಲುವಲ್ಲದೆ ಇನ್ನೇನು? ಆದ್ದರಿಂದ ಇಂದಿನಿಂದ ಈ ಊರಿನ ಹೆಸರು ಜಟ್ಟಂಗಿ. ಹಳೆಯ ಹೆಸರನ್ನು ಹೇಳಿದರೆ ದಂಡ, ಹಾಗಾಗಿ ಬರೆಯುವುದಿಲ್ಲ.

"ಹಾಗಾದ್ರೆ ಸೋತವರು ಯಾರು?" ಎಂದರು ಚಕ್ರವರ್ತಿಗಳು. ಅವರ ಮುಖದಲ್ಲಿ ಸಣ್ಣದೊಂದು ಗೊಂದಲ. ಅವರ ಮೇಲೆ ನನಗೆ ಪ್ರೀತಿ ಬಂದದ್ದು ಅದೊಂದೇ ಗಳಿಗೆ.

"ಅದನ್ನ ಇನ್ನೂ ಗೊತ್ತು ಮಾಡ್ಬೇಕು ಪ್ರಭು," ಎಂದರು ಮಂತ್ರಿಗಳು.

ಅಳಿಯಂದಿರಿಗೆ ಕಡಗ. ಜಟ್ಟಂಗಿಯಿಂದ ತಪ್ಪಿಸಿಕೊಂಡು ಬಂದಿದ್ದವನು ಈಗ ತವರಿಗೆ ಮರಳಿದವನೆಂದು ಅವನಿಗೊಂದು ಸನ್ಮಾನ. ನಾನು ಬಿರುದು ಕೂಗಿದೆ. ಆ ಜಾಗ ಬಂದಾಗ ಕೆಮ್ಮು ಮರಳಿ ಬಂತು. ತಮಾಷೆಯೆಂದರೆ, ಅಲ್ಲಿ ಸಭಿಕರೆಲ್ಲರೂ ಕೆಮ್ಮಿದರು. ಅದನ್ನು ಬಿರುದಿನ ಭಾಗವೆಂದುಕೊಂಡಿದ್ದಾರೆ.

ಜಟ್ಟಂಗಿಮಾಸ ೪, ಗುರುವಾರ

ಮಡಕೆಯಕ್ಕ ಬಂದಳು. ಕೈಯಲ್ಲಿ ಅರಮನೆಯವರು ಕೊಟ್ಟ ತಾಮ್ರದ ಬಿಲ್ಲೆ.

"ಭಟ್ರೇ, ನನ್ನ ಮಗ ಎಲ್ಲಿ ಸತ್ತ ಅಂತ ಕೇಳಿದೆ. ಜಟ್ಟಂಗೀಲಿ ಅಂದ್ರು. ಜಟ್ಟಂಗಿ ಎಲ್ಲಿ ಅಂದೆ. ಇದೇ ಅಂದ್ರು. ಇದೇ ಆದ್ರೆ ಅವ್ನು ಮನೆಗ್ಯಾಕೆ ಬರ್ಲಿಲ್ಲ?"

ಜಗಲಿಯಲ್ಲಿ ನಾವೆಲ್ಲರೂ ಇದ್ದೆವು. ಕೆಮ್ಮು ಬರಲೆಂದು ಕಾದೆ, ಬರಲಿಲ್ಲ. ಅಳಿಯಂದಿರು ತಲೆ ತಗ್ಗಿಸಿಯೇ ಹೇಳಿದರು: "ಬರೋ ದಾರೀಲಿ ಅಕ್ಕಾ. ಆಚೆ ದಡದಲ್ಲಿ, ಜ್ವರ ಬಂದು. ಒಂದು ಬಾಗಿದ ಮರದ ಕೆಳಗೆ ಮಣ್ಣು ಮಾಡಿದ್ವಿ. ದಾಟಿ, ನದಿ ಎಡಕ್ಕಿಟ್ಕೊಂಡು ಹೋದ್ರೆ ಸಿಗುತ್ತೆ." ಆಮೇಲೆ ಮೆಲ್ಲಗೆ, "ಹೇಸರಗತ್ತೆ ಮೇಲೆ ಒಂದು ಮೂಟೆ ಜೇಡಿಮಣ್ಣಿತ್ತು. ಅದು ಅಮ್ಮಂಗೆ ಅಂತಿದ್ದ."

ಅವಳು ಬಿಲ್ಲೆಯನ್ನು ಜಗಲಿಯ ಮೇಲಿಟ್ಟು, ಅಲ್ಲಿಗೆ ಹೋಗಬೇಕೆಂದಳು.

"ನಾನು ದಾರಿ ತೋರಿಸ್ತೀನಿ," ಎಂದರು ಅಳಿಯಂದಿರು. ಮಗಳು ಅವರ ತೋಳು ಬಿಡಲಿಲ್ಲ.

"ಬೇಡ, ಇವ್ರು ಬರ್ತಾರೆ," ಎಂದಳು ನನ್ನವಳು. ಇವರು ಎಂದರೆ ನಾನು. ನನಗೆ ದಾರಿ ಗೊತ್ತಿಲ್ಲ, ದೂರ ನಡೆದು ಅಭ್ಯಾಸವಿಲ್ಲ, ಗಂಟಲು ಬೇರೆ ಸರಿಯಿಲ್ಲ. ಇದೆಲ್ಲ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ನನ್ನ ಬುತ್ತಿ ಕಟ್ಟುತ್ತಿದ್ದಳು.

ಜಟ್ಟಂಗಿಮಾಸ ೬, ಶನಿವಾರ. ಆಚೆ ದಡ

ಗಂಟಲಿನ ಕಾಯಿಲೆಗೆ ಹವಾ ಬದಲಾವಣೆ ಎಂದು ಅರಮನೆಗೆ ತಿಳಿಸಿ ಬಂದಿದ್ದೇನೆ. ಬಿರುದು ಕೂಗಲು ಸದ್ಯಕ್ಕೆ ಯಾರೂ ಇಲ್ಲ. ಚಕ್ರವರ್ತಿಗಳು ಬಿಸಿ ಊಟ ಮಾಡುತ್ತಿರಬೇಕು.

ಬೆಳಿಗ್ಗೆ ದೋಣಿ ಇಳಿದ ಕೂಡಲೇ ಅಭ್ಯಾಸಬಲದಿಂದ ಮಡಕೆಯಕ್ಕನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆಯಹೋದೆ.

"ಹಿಂದೆ ಬನ್ನಿ ಭಟ್ರೇ," ಎಂದಳು.

ಹಿಂದೆ ಹೋದೆ. ಹಿಂದೆ ನಡೆಯುವವರು ಏನು ಕೂಗಬೇಕೋ ನನಗೆ ಗೊತ್ತಿಲ್ಲ. ಅವಳ ತಲೆಯ ಮೇಲೊಂದು ಖಾಲಿ ಮಡಕೆ. ಬರುವಾಗ ಅಲ್ಲಿನ ಮಣ್ಣು ತುಂಬಿಕೊಳ್ಳಲಂತೆ. ಎಡಕ್ಕೆ ನದಿ. ಜೊಂಡಿನ ಸಂದಿನಿಂದ ಹಿಂತಿರುಗಿ ನೋಡಿದರೆ ನಮ್ಮೂರಿನ ಬೆನ್ನು: ಒಡೆದ ಬಾಗಿಲು, ಸುಟ್ಟ ಚಾವಣಿ, ಒಣಹಾಕಿದ ಬಟ್ಟೆಗಳು. ನನ್ನ ಶಾಲೂ ಅಲ್ಲೇ ಇತ್ತು, ನನ್ನವಳು ಒಗೆದು ಹಾಕಿದ್ದಾಳೆ.

"ಅದು ಯಾವೂರು ಭಟ್ರೇ?" ಎಂದು ಮಡಕೆಯಕ್ಕ ತಿರುಗದೆಯೇ ಕೇಳಿದಳು.

ಹಳೆಯ ಹೆಸರನ್ನೇ ಹೇಳಿದೆ. ಬರೆಯುವುದಿಲ್ಲ, ದಂಡವಿದೆ. ಆದರೆ ಹೇಳಿದೆ, ಗಟ್ಟಿಯಾಗಿಯೇ, ಮುಂದೆ ಹಿಂದೆ ಏನನ್ನೂ ಸೇರಿಸದೆ.

ಕೆಮ್ಮು ಬರಲಿಲ್ಲ. ಯಾಕೋ ಗೊತ್ತಾಗುತ್ತಿಲ್ಲ. ಈ ಕಡೆಯ ಗಾಳಿ ಒಳ್ಳೆಯದಿರಬೇಕು.